ಶುರುವಾಯಿತೋ, ಶುರು ಮಾಡಿದರೋ?

ಏಳನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಈಚೆಗೆ ಒಂದು ಸಂಜೆ ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಪುಸ್ತಕವನ್ನು ನನ್ನ ಮುಂದೆ ತಂದಿಟ್ಟಳು. ಬಿಟ್ಟ ಸ್ಥಳಗಳನ್ನು ‘ಬಿಗಿನ್’ ಅಥವಾ ‘ಸ್ಟಾರ್ಟ್’ ಎಂಬ ಕ್ರಿಯಾಪದದ ತಕ್ಕ ರೂಪದಿಂದ ತುಂಬಬೇಕಿತ್ತು. ಎರಡರ ಅರ್ಥವೂ ಒಂದೇ ಅಲ್ಲವೆ, ಯಾವುದನ್ನು ಬರೆದರೇನು ಎಂಬುದು ಅವಳ ಪ್ರಶ್ನೆ. ಇಪ್ಪತ್ತೆಂಟು ವರ್ಷ ನ್ಯಾಯಾಲಯದಲ್ಲಿ ಭಾಷಾಂತರಕಾರನಾಗಿದ್ದ ತಾತನಿಗೆ ಇದೇನು ಮಹಾ ಎಂದು ಅವಳು ಎಣಿಸಿದ್ದಿರಬೇಕು. ನಾನು ಒಂದು ಗಂಟೆ ಹೇಳಿದೆ. ಅವಳು ಹತ್ತು ನಿಮಿಷ ಕೇಳಿದಳು.

ಆಕೆಗೆ ಹೇಳಿದ್ದರಲ್ಲಿ ಸುಲಭವಾದ ಭಾಗವಿಷ್ಟು. ಇಂಗ್ಲಿಷಿನಲ್ಲಿ ಪಾಠ, ಮಳೆ, ಸಭೆ ಇವುಗಳಿಗೆ ಎರಡು ಪದಗಳಲ್ಲಿ ಯಾವುದಾದರೂ ನಡೆಯುತ್ತದೆ. ಆದರೆ ಮೋಟಾರಿನ ಎಂಜಿನ್ನನ್ನು ‘ಸ್ಟಾರ್ಟ್’ ಮಾಡಬಹುದೇ ಹೊರತು ‘ಬಿಗಿನ್’ ಮಾಡಲಾಗದು. ವ್ಯಾಪಾರವನ್ನು ಹೂಡುವುದಕ್ಕೂ ಬೆಂಕಿಯನ್ನು ಹೊತ್ತಿಸುವುದಕ್ಕೂ ‘ಸ್ಟಾರ್ಟ್’ ಎಂಬುದೇ ರೂಢಿ. ಇವೆರಡಕ್ಕೂ ಕೋಟು ತೊಡಿಸಿದಂತಿರುವ ಮೂರನೆಯದೊಂದಿದೆ, ‘ಕಮೆನ್ಸ್’. ಅದು ಫ್ರೆಂಚಿನ ದಾರಿಯಾಗಿ ಲ್ಯಾಟಿನ್ನಿನಿಂದ ಬಂದ ಪದ. ಸರ್ಕಾರಿ ಆದೇಶ, ಕರಾರುಪತ್ರ, ಕಾಯ್ದೆ ಪುಸ್ತಕಗಳಲ್ಲಿ ಅದರ ವಾಸ. ನಮ್ಮ ಕಾಯ್ದೆಗಳ ಮೊದಲ ಪ್ರಕರಣದಲ್ಲಿ ಹೆಸರಿನ ಬೆನ್ನಿಗೇ ‘ಪ್ರಾರಂಭ’ ಎಂದು ಬರುತ್ತದಲ್ಲ, ಅದು ಇದರ ಕನ್ನಡ ಅವತಾರ. ಸಂವಿಧಾನದ 394ನೆಯ ಅನುಚ್ಛೇದದ ಪ್ರಕಾರ ಕೆಲವು ಅನುಚ್ಛೇದಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು, ಉಳಿದವು 1950ರ ಜನವರಿ 26ರಂದು. ಇಂಥ ದಿನ ಇಂಥದ್ದು ಮೊದಲಾಯಿತು ಎಂದು ಇಷ್ಟು ಖಚಿತವಾಗಿ ಹೇಳಬಲ್ಲ ಸಂದರ್ಭ ಮನುಷ್ಯನ ಬಾಳಿನಲ್ಲಿ ಹೆಚ್ಚಿಲ್ಲ.

‘ಸ್ಟಾರ್ಟ್’ ಎಂಬ ಪದದ ಪೂರ್ವಾಶ್ರಮ ಬೇರೆಯೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ನೆಗೆ, ಚಿಮ್ಮು, ಬೆಚ್ಚಿಬೀಳು ಎಂಬ ಅರ್ಥಗಳಿದ್ದವು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮೊದಲ ಅಂಕದಲ್ಲಿ ಮಾಟಗಾತಿಯರ ಮಾತು ಕೇಳಿ ನಾಯಕ ‘ಸ್ಟಾರ್ಟ್’ ಆಗುತ್ತಾನೆ. ಪಕ್ಕದಲ್ಲಿದ್ದ ಬ್ಯಾಂಕೋ ಏಕೆ ಹಾಗಾಯಿತೆಂದು ಕೇಳುತ್ತಾನೆ. ನಮ್ಮ ಬಸ್ಸಿನ ಚಾಲಕರಾರೂ ಈ ಅರ್ಥದಲ್ಲಿ ಪದವನ್ನು ಬಳಸಲಿಕ್ಕಿಲ್ಲ. ಬೆಚ್ಚುವುದು ಮೊದಲು, ತೊಡಗುವುದು ಆಮೇಲೆ ಎಂಬ ಈ ಕ್ರಮ ಮಾತ್ರ ನನಗೆ ಬಹಳ ಹಿಡಿಸಿತು.

ಇನ್ನು ಮೊಮ್ಮಗಳು ಎದ್ದುಹೋದ ಮೇಲೆ ನನ್ನಷ್ಟಕ್ಕೆ ಉಳಿದ ಭಾಗ. ಇಂಗ್ಲಿಷಿನ ಈ ಕ್ರಿಯಾಪದಗಳಿಗೆ ಒಂದು ವಿಚಿತ್ರ ಗುಣವಿದೆ. ಜಗಳ ತಾನಾಗಿ ಹುಟ್ಟಿಕೊಂಡರೂ ‘ಸ್ಟಾರ್ಟೆಡ್’. ಯಾರೋ ಹುಟ್ಟಿಹಾಕಿದರೂ ‘ಸ್ಟಾರ್ಟೆಡ್’. ಕ್ರಿಯಾಪದದ ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಕನ್ನಡ ಹಾಗೆ ಬಿಡುವುದಿಲ್ಲ. ‘ಆರಂಭವಾಯಿತು’ ಎನ್ನಬೇಕು, ಇಲ್ಲವೇ ‘ಆರಂಭಿಸಿದರು’ ಎನ್ನಬೇಕು. ಅರಬ್ಬಿಯಿಂದ ಬಂದ ‘ಶುರು’ ಎಂಬ ಪದವನ್ನು ನಾವು ಎಂದೋ ಮನೆಯವನನ್ನಾಗಿ ಮಾಡಿಕೊಂಡೆವು. ಅದೂ ‘ಆಗು’ ಅಥವಾ ‘ಮಾಡು’ ಎಂಬ ಎರಡರಲ್ಲೊಂದು ಊರುಗೋಲು ಹಿಡಿಯದೆ ಹೆಜ್ಜೆಯಿಡಲಾರದು. ಕೊನೆಗೆ ಇಂಗ್ಲಿಷಿನ ಪದಕ್ಕೂ ನಮ್ಮಲ್ಲಿ ಬಿಡುಗಡೆಯಿಲ್ಲ. ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’, ‘ಗಾಡಿ ಸ್ಟಾರ್ಟ್ ಮಾಡು’. ಒಳಗೆ ಬರುವ ಪ್ರತಿಯೊಂದು ಆರಂಭವನ್ನೂ ಕನ್ನಡದ ಸುಂಕದ ಕಟ್ಟೆಯಲ್ಲಿ ತಡೆದು, ತಾನಾಗಿ ಬಂದೆಯೋ ಯಾರಾದರೂ ಕಳಿಸಿದರೋ ಎಂದು ವಿಚಾರಿಸಲಾಗುತ್ತದೆ.

ಈ ವಿಚಾರಣೆ ಅತಿ ಸೂಕ್ಷ್ಮವಾಗುವುದು ‘ಹತ್ತು’, ‘ಹಚ್ಚು’ ಎಂಬ ಜೋಡಿಯಲ್ಲಿ. ದೀಪ ಹತ್ತಿತು, ದೀಪ ಹಚ್ಚಿದಳು. ಬೆಂಕಿ ಹತ್ತಿತು, ಬೆಂಕಿ ಹಚ್ಚಿದರು. ನಡುವಿನ ಒಂದು ಒತ್ತಕ್ಷರ ಬದಲಾದರೆ ಅವಘಡವು ಅಪರಾಧವಾಗುತ್ತದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಕಚೇರಿಯಲ್ಲಿ.

ಕೆಳಗಿನ ನ್ಯಾಯಾಲಯದಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯಗಳನ್ನು ಮೇಲ್ಮನವಿಗಾಗಿ ಇಂಗ್ಲಿಷಿಗೆ ತಿರುಗಿಸುವುದು ನನ್ನ ಕೆಲಸದ ಬಹುಪಾಲಾಗಿತ್ತು. ಮೊದಲ ವರ್ಷದ ತಮಾಷೆಯೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಬಯಲುಸೀಮೆಯ ಸಾಕ್ಷಿಯೊಬ್ಬನ ಹೇಳಿಕೆಯಲ್ಲಿ ಹೆಸರು, ವಯಸ್ಸುಗಳ ಮುಂದೆ ‘ಕಸುಬು: ಆರಂಭ’ ಎಂದಿತ್ತು. ಪಟ್ಟಣದಲ್ಲಿ ಬೆಳೆದ ನಾನು ಅದನ್ನು ಯಾವ ಕಸುಬಿನ ಆರಂಭವೋ, ಗುಮಾಸ್ತ ಮುಂದಿನ ಪದ ಬರೆಯಲು ಮರೆತಿದ್ದಾನೆಂದು ತಿಳಿದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದೆ. ಹಿರಿಯ ಬೆರಳಚ್ಚುಗಾರರೊಬ್ಬರು ಕಾಗದ ಹಿಂದಕ್ಕೆ ತಂದು, ‘ಸ್ವಾಮಿ, ಆರಂಭ ಅಂದ್ರೆ ಬೇಸಾಯ. ನೀವು ತಿನ್ನೋ ಅನ್ನ’ ಎಂದರು. ಆಮೇಲೆ ನಿಘಂಟು ತೆರೆದೆ. ಆರಂಭ ಅಥವಾ ಆರಂಬ ಎಂದರೆ ಒಕ್ಕಲುತನ, ಆರಂಭಗಾರನೆಂದರೆ ರೈತ. ಬಸವಣ್ಣನವರ ವಚನವೊಂದರಲ್ಲಿಯೂ ‘ಆರಂಭ’ ಈ ಅರ್ಥದಲ್ಲಿಯೇ ಬಂದಿದೆಯೆಂದು ತಿಳಿದು, ಎಂಟು ಶತಮಾನಗಳಿಗೂ ಹೆಚ್ಚು ಕಾಲ ಬಾಳಿದ ಅರ್ಥಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಕ್ಕಾಗಿ ನಾಚಿಕೊಂಡೆ. ಸಂಸ್ಕೃತದಲ್ಲಿ ಈ ಪದದ ಧಾತುವಿಗೆ ಹಿಡಿ, ಕೈಗೆತ್ತಿಕೋ ಎಂಬ ಅರ್ಥವಿದೆ. ನಮ್ಮ ರೈತ ಕೈಗೆತ್ತಿಕೊಂಡದ್ದು ನೇಗಿಲನ್ನು. ಹಾಗಾಗಿ ಅವನ ಪಾಲಿಗೆ ಬೇರೆ ಆರಂಭಗಳೆಲ್ಲ ಉಪಚಾರದ ಮಾತು.

ಅದೇ ಬೆರಳಚ್ಚುಗಾರರು ಹತ್ತು ವರ್ಷಗಳ ಮೇಲೆ ಮತ್ತೊಂದು ಕಾಗದ ಹಿಡಿದು ಬಂದರು. ಈ ಬಾರಿ ಅದು ತಮಾಷೆಯಾಗಿರಲಿಲ್ಲ. ಹಳೆಯ ದ್ವೇಷದ ಪ್ರಕರಣ. ಹುಲ್ಲಿನ ಬಣವೆಯೊಂದು ಸುಟ್ಟುಹೋಗಿತ್ತು. ಸಾಕ್ಷಿ ಹೇಳಿದ್ದು ಇಷ್ಟೇ: ‘ಅವರು ಬಂದರು. ಕೂಗಾಟವಾಯಿತು. ಬಣವೆಗೆ ಬೆಂಕಿ ಹತ್ತಿತು.’ ನಾನು ಇಂಗ್ಲಿಷಿನಲ್ಲಿ ಮೂರು ವಾಕ್ಯಗಳನ್ನು ಒಂದು ಮಾಡಿದ್ದೆ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃವೊಂದು ಮುಂದೆ ನಿಂತರೆ ಶೋಭೆ ಎಂಬುದು ನನಗೆ ಶಾಲೆಯಿಂದ ಬಂದ ಅಭ್ಯಾಸ. ಹಾಗಾಗಿ ‘ಅವರು’ ಮುಂದೆ ನಿಂತರು. ಕೂಗಿದವರೂ ಅವರೇ ಆದರು, ಬೆಂಕಿಯನ್ನು ‘ಸ್ಟಾರ್ಟ್’ ಮಾಡಿದವರೂ ಅವರೇ ಆದರು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಬೆರಳಚ್ಚುಗಾರರು ಕನ್ನಡ ಪ್ರತಿಯ ಮೇಲೆ ಬೆರಳಿಟ್ಟು, ‘ಹಚ್ಚಿದರು ಅಂತ ಎಲ್ಲಿದೆ?’ ಎಂದು ಕೇಳಿದರು.

ಎಲ್ಲಿಯೂ ಇರಲಿಲ್ಲ. ಸಾಕ್ಷಿಗೆ ಯಾರು ಹಚ್ಚಿದರೆಂದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಊರಿನಲ್ಲಿ ಬಾಳಬೇಕಾದವನು ಹೇಳಲಾರದೆ ಹೋದನೋ, ಅಥವಾ ಬೀಡಿಯ ಕಿಡಿಯೊಂದು ನಿಜವಾಗಿಯೂ ತಾನಾಗಿ ಹಾರಿತ್ತೋ. ಈ ಮೂರಕ್ಕೂ ಅವನ ಕ್ರಿಯಾಪದದಲ್ಲಿ ಎಡೆಯಿತ್ತು, ನನ್ನದರಲ್ಲಿ ಇರಲಿಲ್ಲ. ಆ ಪುಟವನ್ನು ಅಂದೇ ತಿದ್ದಿ ಕಳಿಸಿದೆವು. ನನ್ನ ನಿದ್ದೆ ಕೆಡಿಸಿದ್ದು ಆ ಪುಟವಲ್ಲ. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ನಾನು ತಿರುಗಿಸಿದ ಕಡತಗಳಲ್ಲಿ ಎಷ್ಟು ‘ಹತ್ತಿತು’ಗಳು ‘ಹಚ್ಚಿದರು’ ಆಗಿದ್ದವೋ! ಅವುಗಳನ್ನು ಎತ್ತಿಕೊಂಡು ಬಂದು ಕೇಳಿದವರು ಯಾರೂ ಇರಲಿಲ್ಲ.

ಕಾನೂನಿಗೆ ಈ ವ್ಯತ್ಯಾಸ ಅಕ್ಷರದ ಆಟವಲ್ಲ. ಆತ್ಮರಕ್ಷಣೆಯ ಹಕ್ಕಿನ ವಾದ ಬಂದಾಗ ಮೊದಲು ಕೈಯೆತ್ತಿದವರು ಯಾರು ಎಂಬ ಪ್ರಶ್ನೆಯ ಸುತ್ತಲೇ ದಿನಗಟ್ಟಲೆ ಪಾಟೀಸವಾಲು ನಡೆಯುತ್ತದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು ಪ್ರಕರಣಗಳ ಸಂಖ್ಯೆಗಳು ಬದಲಾದವು; ಆ ಪ್ರಶ್ನೆ ಹಾಗೆಯೇ ಉಳಿದಿದೆ. ಅಕ್ರಮಕೂಟದ ಪ್ರಕರಣವಾದರೆ ಇನ್ನೂ ಬಿಗಿ. ಸಮಾನ ಉದ್ದೇಶವಿದ್ದ ಗುಂಪಿನಲ್ಲಿ ನಿಂತಿದ್ದವನು ತಾನು ಕೈ ಎತ್ತದಿದ್ದರೂ ಗುಂಪಿನ ಕೃತ್ಯಕ್ಕೆ ಹೊಣೆಯಾಗುತ್ತಾನೆ. ‘ಆಯಿತು’ ಎಂಬ ಮಾತನ್ನು ಕಾನೂನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೆ ‘ಮಾಡಿದರು’ ಬೇಕು.

ನಿವೃತ್ತನಾದ ಮೇಲೆ ನೆಂಟರ ಮದುವೆಗೆಂದು ಶಿಕಾರಿಪುರಕ್ಕೆ ಹೋದವನು, ಮರುದಿನ ಬಿಡುವಿದ್ದುದರಿಂದ ಈಸೂರಿಗೂ ಹೋದೆ. ಈ ಪ್ರಶ್ನೆ ಅಲ್ಲಿಯೂ ಬೆನ್ನಿಗೇ ಬಂದಿತ್ತು.

ಈಸೂರಿನ ಕಥೆ ಕರ್ನಾಟಕದಲ್ಲಿ ಶಾಲೆಗೆ ಹೋದವರಿಗೆಲ್ಲ ಅಷ್ಟಿಷ್ಟು ಗೊತ್ತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆಯಂತೂ ಗಾದೆಯೇ ಆಗಿಹೋಗಿದೆ. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ ನಿರ್ಣಯ ಮಾಡಿತು. ಆ ಚಳವಳಿಗೆ ಅಂಟಿದ ಇಂಗ್ಲಿಷ್ ಹೆಸರಿನಲ್ಲಿದ್ದದ್ದು ಬಿಟ್ಟುಹೋಗುವ ಕ್ರಿಯಾಪದ, ಅದೂ ಆಜ್ಞಾರ್ಥಕದಲ್ಲಿ. ನಮ್ಮ ಜನ ಅದನ್ನು ‘ಚಲೇಜಾವ್’ ಎಂದು ಕರೆದರು. ಶಿಕಾರಿಪುರ ತಾಲ್ಲೂಕಿನ ಈ ಊರು ಬ್ರಿಟಿಷರ ನೇರ ಆಳ್ವಿಕೆಯಲ್ಲಿ ಇರಲಿಲ್ಲ, ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆದರೂ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ಊರವರು ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಹಾರಿಸಿ, ತಾವು ಸ್ವತಂತ್ರರೆಂದು ಸಾರಿದರು. ಕಂದಾಯ ಕೊಡುವುದಿಲ್ಲವೆಂದರು. ತಮ್ಮದೇ ಸರ್ಕಾರ ಮಾಡಿ, ಎಳೆಯ ಹುಡುಗರನ್ನು ಅಮಲ್ದಾರನೆಂದೂ ಸಬ್ ಇನ್‌ಸ್ಪೆಕ್ಟರನೆಂದೂ ನೇಮಿಸಿದರು. ಬಾಲಕರನ್ನು ಸೆರೆಗೆ ಹಾಕಲಾರರೆಂಬ ಲೆಕ್ಕ ಅದರ ಹಿಂದಿತ್ತೆನ್ನುತ್ತಾರೆ. ಊರೊಳಗೆ ಕಾಲಿಡುವವರು ಗಾಂಧಿ ಟೋಪಿ ಧರಿಸಬೇಕೆಂಬುದು ಆ ಸರ್ಕಾರದ ಕಟ್ಟಳೆ.

ಇಲ್ಲಿಯವರೆಗೆ ಎಲ್ಲ ಕ್ರಿಯಾಪದಗಳಿಗೂ ಕರ್ತೃಗಳಿದ್ದಾರೆ, ಗಮನಿಸಿದಿರಾ? ಹಾರಿಸಿದರು, ಸಾರಿದರು, ನೇಮಿಸಿದರು. ಹೆಮ್ಮೆಯ ಕೆಲಸಕ್ಕೆ ಕರ್ತೃ ತಾನಾಗಿ ಮುಂದೆ ಬರುತ್ತಾನೆ.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ, ನಿಜವಾದ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಮುಂದಿನದನ್ನು ಹೇಳುವಾಗ ಬರಹಗಳ ಕನ್ನಡ ಥಟ್ಟನೆ ಬದಲಾಗುತ್ತದೆ. ಟೋಪಿಯ ಮಾತಿಗೆ ಮಾತು ಬೆಳೆಯಿತು. ಘರ್ಷಣೆ ಆರಂಭವಾಯಿತು. ಲಾಠಿ ಬೀಸಿತು, ಗುಂಡು ಹಾರಿತು, ಜನ ಕೆರಳಿದರು. ಇಬ್ಬರೂ ಅಧಿಕಾರಿಗಳು ಕೊಲೆಯಾದರು. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಹೇಳುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಆಮೇಲೆ ಪಡೆಗಳು ಊರಿಗೆ ನುಗ್ಗಿದವು. ಜನ ಕಾಡು ಸೇರಿದರು. ಆ ಭಾಗ ಬರುವಾಗ ‘ಬೆಂಕಿ ಹತ್ತಿತು’ ಎಂದು ಬರೆದವರನ್ನು ನಾನು ಕಂಡಿಲ್ಲ. ಮನೆಗಳಿಗೆ ಬೆಂಕಿ ಹಚ್ಚಿದರು, ಮನೆಗಳನ್ನು ದೋಚಿದರು ಎಂದೇ ಇರುತ್ತದೆ.

ನಾನು ಈಸೂರಿನ ಪಕ್ಷದವನೇ. ಆ ಊರಿನ ಮೇಲೆ ನಡೆದದ್ದು ದೌರ್ಜನ್ಯವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಭಾಷಾಂತರಕಾರನ ಕಣ್ಣಿಗೆ ಒಂದು ಸಂಗತಿ ಬಿದ್ದೇಬಿಡುತ್ತದೆ: ನಮ್ಮವರ ಕೈಯಿಂದ ಆದದ್ದಕ್ಕೆ ನಾವು ‘ಆಯಿತು’ ಬಳಸುತ್ತೇವೆ, ಎದುರಿನವರದಕ್ಕೆ ‘ಮಾಡಿದರು’. ಸತ್ತ ಇಬ್ಬರೂ ಕನ್ನಡ ಮಾತನಾಡುತ್ತಿದ್ದ ಸಂಸ್ಥಾನದ ನೌಕರರು. ಅವರ ಮನೆಗಳಲ್ಲಿ ಅಂದಿನ ಕಥೆಯನ್ನು ಬೇರೆ ಕ್ರಿಯಾಪದಗಳಲ್ಲಿ ಹೇಳಿರುತ್ತಾರೆ.

ಸರ್ಕಾರವೂ ತನಗೆ ಬೇಕಾದ ಕ್ರಿಯಾಪದವನ್ನು ಆರಿಸಿಕೊಂಡಿತು. ಒಂದು ಗುಂಪಿನ ನಡುವೆ ಕೆಲವು ನಿಮಿಷಗಳಲ್ಲಿ ನಡೆದುಹೋದದ್ದಕ್ಕೆ ವಿಚಾರಣೆ ಕರ್ತೃಗಳನ್ನು ಹುಡುಕಿತು, ಹೆಸರುಗಳನ್ನು ಬರೆಯಿತು. ಮಹಿಳೆಯರೂ ಸೇರಿ ಹಲವರು ಸೆರೆಮನೆ ಕಂಡರು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಈ ಐವರನ್ನು 1943ರ ಮಾರ್ಚ್ 8ರಿಂದ 10ರ ನಡುವೆ ಗಲ್ಲಿಗೇರಿಸಿದರು. ಘಟನೆ ನಡೆದು ಆರು ತಿಂಗಳು ಕೂಡ ತುಂಬಿರಲಿಲ್ಲ. ಇಂದು ಒಂದು ಮೇಲ್ಮನವಿಯ ಕಡತ ಭಾಷಾಂತರಕಾರನ ಮೇಜಿಗೆ ಬರಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಅಂದಿನ ಸಾಕ್ಷಿಗಳು ಮಾತನಾಡಿದ್ದು ಕನ್ನಡದಲ್ಲಿಯೇ ಇರಬೇಕು, ಬೇರೆ ಭಾಷೆ ಅವರಿಗೆಲ್ಲಿಂದ? ಅವರು ‘ಶುರುವಾಯಿತು’ ಎಂದರೋ ‘ಶುರು ಮಾಡಿದರು’ ಎಂದರೋ, ಯಾರದೋ ಲೇಖನಿ ಅದನ್ನು ಏನೆಂದು ಬರೆದುಕೊಂಡಿತೋ ಎಂಬ ಯೋಚನೆ ಆ ಊರಿನ ಬೀದಿಯಲ್ಲಿ ನನ್ನನ್ನು ಬಿಡಲಿಲ್ಲ.

ಹೋದದ್ದು ಜೂನ್ ತಿಂಗಳಿನಲ್ಲಿ. ಮಲೆನಾಡೂ ಬಯಲುಸೀಮೆಯೂ ಒಂದನ್ನೊಂದು ಮುಟ್ಟುವ ಸೀಮೆಯದು. ಬತ್ತದ ಗದ್ದೆಯ ಮಗ್ಗುಲಲ್ಲೇ ಮೆಕ್ಕೆಜೋಳದ ಹೊಲ, ಅದರಾಚೆ ಹೊಸ ಅಡಿಕೆಯ ಸಸಿ. ಹೋಟೆಲಿನ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಸ್ವಾತಂತ್ರ್ಯದ ಈಚೆಗೆ ಹುಟ್ಟಿದವರು. ‘ಮಳೆ ಹಿಡೀತು ನೋಡಿ’ ಎಂದರು. ಮಳೆ ಬಂತು ಎಂದರೆ ಒಂದು ಹನಿಯೂ ಆದೀತು. ಹಿಡಿಯಿತು ಎಂದರೆ ಇನ್ನು ಸುಲಭಕ್ಕೆ ಬಿಡುವುದಿಲ್ಲ. ಶುರುವಾಗುವುದಕ್ಕೂ ನಿಂತು ಮುಂದುವರಿಯುವುದಕ್ಕೂ ಒಂದೇ ಪದ. ಸಂಸ್ಕೃತದ ‘ಆರಂಭ’ದೊಳಗಿರುವ ಹಿಡಿಯುವ ಧಾತು ಅವರ ಬಾಯಲ್ಲಿ ತೀರ ಮಣ್ಣಿನ ಕನ್ನಡವಾಗಿ ಕೂತಿತ್ತು. ‘ತೊಡಗು’ ಎಂಬುದೂ ಹೀಗೆಯೇ. ತೊಡಗು, ತೊಡಕು, ತೊಡರು ಒಂದೇ ಬಳ್ಳಿಯ ಕಾಯಿಗಳಂತೆ ಕಾಣುತ್ತವೆ. ತೊಡಗಿದವನು ಸಿಕ್ಕಿಕೊಂಡ ಎಂದೇ ಅರ್ಥವಿರಬೇಕು.

ಸಾಗುವಳಿಯ ಮಾತು ಮುಗಿದ ಮೇಲೆ, ಧೈರ್ಯ ಮಾಡಿ 1942ರ ಸುದ್ದಿ ತೆಗೆದೆ. ಹಿರಿಯರ ಕೇಳಿಕೆಯ ಕಥೆಯನ್ನು ಅವರು ನಿಧಾನವಾಗಿ ಹೇಳಿದರು. ಬಾವುಟ ಕಟ್ಟಿದ್ದು, ಟೋಪಿ, ಜೀಪಿನ ದಾರಿ, ಕಾಡಿನಲ್ಲಿ ಮಕ್ಕಳು ಹಸಿದು ಅತ್ತದ್ದು. ನಡುವೆ ಒಂದು ಕಡೆ ‘ಆಗ ಗಲಾಟೆ ಶುರುವಾತು’ ಎಂದರು. ಹಳೆಯ ಚಾಳಿ ಬಿಡದೆ, ‘ಯಾರು ಶುರು ಮಾಡಿದ್ದು?’ ಎಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ‘ನೀವು ಕೋರ್ಟಿನವರಾ?’ ಎಂದು ಕೇಳಿದರು.

ಹೌದೆನ್ನಲು ನಾಲಗೆ ಏಳಲಿಲ್ಲ. ನಿವೃತ್ತನಾಗಿದ್ದೇನೆ ಎಂದೆ, ಅದೂ ಸತ್ಯವೇ ಆದ್ದರಿಂದ. ಅವರು ಅದಕ್ಕೆ ಏನೂ ಹೇಳದೆ, ನನಗೊಂದು ಚಹಾ ಕೊಡಲು ಹೋಟೆಲಿನ ಹುಡುಗನಿಗೆ ಕೂಗಿದರು.

ಹಿಂತಿರುಗುವಾಗ ರಸ್ತೆಯ ಪಕ್ಕದಲ್ಲೊಂದು ಕಾಮಗಾರಿಯ ಫಲಕ ಕಾಣಿಸಿತು. ಗುದ್ದಲಿ ಪೂಜೆ ನೆರವೇರಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು ಎಂದು ಹತ್ತಾರು ಹೆಸರುಗಳು. ಕಾಮಗಾರಿ ಮಾತ್ರ ಆದಂತಿರಲಿಲ್ಲ. ಪತ್ರಿಕೆಗಳಲ್ಲಿ ಇಂಥವಕ್ಕೆ ‘ಚಾಲನೆ ನೀಡಿದರು’ ಎನ್ನುವುದು ವಾಡಿಕೆ, ನಿಂತುಹೋದಾಗ ‘ಸ್ಥಗಿತಗೊಂಡಿದೆ’. ಮೊದಲಿಡುವುದಕ್ಕೆ ಒಬ್ಬರಲ್ಲ ಹತ್ತು ಕರ್ತೃಗಳು ಸಿಗುತ್ತಾರೆ, ನಿಲ್ಲಿಸಿದವನು ಒಬ್ಬನೂ ಸಿಗುವುದಿಲ್ಲ. ಇಪ್ಪತ್ತೆಂಟು ವರ್ಷ ವಾಕ್ಯಗಳಿಗೆ ಕರ್ತೃ ಒದಗಿಸಿದವನಿಗೆ ಈ ಬಗೆಯ ಕನ್ನಡವನ್ನು ಕಂಡರೆ ಕೋಪಕ್ಕಿಂತ ನಗುವೇ ಬರುತ್ತದೆ.

ಮೊಮ್ಮಗಳ ಪುಸ್ತಕದ ಕೊನೆಯ ಪ್ರಶ್ನೆ ಹೀಗಿತ್ತು: ಇಬ್ಬರು ಹುಡುಗರು ಮೈದಾನದಲ್ಲಿದ್ದರು, ಜಗಳವೊಂದು ಡ್ಯಾಶ್. ಅವಳು ‘ಸ್ಟಾರ್ಟೆಡ್’ ಎಂದು ತುಂಬಿದ್ದಳು. ಸರಿಯಾಗಿಯೇ ಇತ್ತು, ಗುರುತು ಹಾಕಿದೆ. ಕೆಳಗೆ ಅದನ್ನೇ ಕನ್ನಡದಲ್ಲಿ ಬರೆಯಿರಿ ಎಂದಿತ್ತು. ಅವಳು ಪೆನ್ಸಿಲ್ ಕಚ್ಚುತ್ತ, ‘ತಾತಾ, ಇಬ್ಬರಲ್ಲಿ ಯಾರು ಶುರು ಮಾಡಿದ್ದು ಅಂತ ಪುಸ್ತಕದಲ್ಲಿ ಕೊಟ್ಟಿಲ್ಲವಲ್ಲ’ ಎಂದಳು.

‘ಕೊಟ್ಟಿಲ್ಲದಿದ್ದರೆ ಶುರುವಾಯಿತು ಅಂತಲೇ ಬರಿ’ ಎಂದೆ.